ಪೈಥಾನ್‌ನಲ್ಲಿ ಮೂರು ಆಯಾಮದ ಅರೇ: ಒಂದು ಜಿಲ್ಲೆಗೆ ಬರೆದ ಮಳೆ ಎಲ್ಲ ಜಿಲ್ಲೆಗೂ ಬೀಳುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕರ್ನಾಟಕದ ಜಿಲ್ಲಾವಾರು ಮಾಸಿಕ ಮಳೆ ಲೆಕ್ಕ ಒಂದು ಸಿಎಸ್‌ವಿ ಫೈಲಿನಲ್ಲಿದೆ. 2014ರಿಂದ 2023ರವರೆಗೆ ಹತ್ತು ವರ್ಷ, 31 ಜಿಲ್ಲೆ, 12 ತಿಂಗಳು. ಪ್ರತಿ ಸಾಲಿನಲ್ಲಿ ವರ್ಷ, ಜಿಲ್ಲೆ, ತಿಂಗಳು, ಮಿಲಿಮೀಟರ್. ಇದನ್ನು ವರ್ಷ, ಜಿಲ್ಲೆ, ತಿಂಗಳು ಎಂಬ ಮೂರು ಆಯಾಮದ ಅರೇಗೆ ತುಂಬಬೇಕು. ಪೈಥಾನ್ 3.11 ಇದೆ.

ಕೋಡನ್ನು ಕನ್ನಡ ಲಿಪಿಯಲ್ಲೇ ಹಾಕುತ್ತಿದ್ದೇನೆ. ಫಾರ್, ಇನ್, ರೇಂಜ್ ಥರದ ಪೈಥಾನಿನ ಪದಗಳನ್ನು ನಿಮ್ಮಲ್ಲಿ ಓಡಿಸುವಾಗ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ. ವೇರಿಯಬಲ್ ಹೆಸರುಗಳು ಹೀಗೇ ಕನ್ನಡದಲ್ಲಿದ್ದರೂ ಓಡುತ್ತವೆ.

```
ಮಳೆ = [[[0.0] * 12] * 31] * 10
ಮಳೆ[0][4][6] = 212.5
```

ಮೂರು ತೊಂದರೆ ಆಗುತ್ತಿದೆ.

ಒಂದು, ಮೇಲಿನ ಸಾಲು ಓಡಿಸಿದ ಮೇಲೆ ಮಳೆ[9][30][6] ನೋಡಿದರೆ ಅಲ್ಲೂ 212.5 ಇದೆ. ಯಾವ ವರ್ಷ, ಯಾವ ಜಿಲ್ಲೆ ತೆಗೆದರೂ ಜುಲೈ ತಿಂಗಳಲ್ಲಿ ಅದೇ ಅಂಕಿ.

ಎರಡು, ಮೊದಲ ವರ್ಷದ ಎಲ್ಲ ಜಿಲ್ಲೆಗಳ ಜುಲೈ ಮಳೆ ಬೇಕೆಂದು ಮಳೆ[0][:][6] ಅಂತ ಕೊಟ್ಟರೆ 31 ಅಂಕಿ ಬರುವುದಿಲ್ಲ, 12 ಬರುತ್ತವೆ.

ಮೂರು, ಮಳೆ[0, 4, 6] ಎಂದು ಕೊಟ್ಟರೆ ಟೈಪ್‌ಎರರ್: ಲಿಸ್ಟಿನ ಇಂಡೆಕ್ಸ್ ಪೂರ್ಣಾಂಕ ಅಥವಾ ಸ್ಲೈಸ್ ಆಗಿರಬೇಕು, ಟುಪಲ್ (ಅಲ್ಪವಿರಾಮ ಹಾಕಿ ಜೋಡಿಸಿದ ಬೆಲೆಗಳ ಗುಂಪು) ಆಗಬಾರದು ಎನ್ನುತ್ತದೆ. ಕೆಲವು ಉದಾಹರಣೆಗಳಲ್ಲಿ ಹೀಗೇ ಬರೆದದ್ದು ನೋಡಿದ್ದೇನೆ. ಎಲ್ಲಿ ತಪ್ಪುತ್ತಿದೆ?

ಉತ್ತರ 1

ಮೊದಲನೆಯದಕ್ಕೆ ಉತ್ತರ ಹೇಳುತ್ತೇನೆ, ಉಳಿದೆರಡಕ್ಕೂ ಬೇರು ಅಲ್ಲೇ ಇದೆ.

ಪೈಥಾನ್ ಲಿಸ್ಟಿನ ಖಾನೆಯೊಳಗೆ ವಸ್ತು ಇರುವುದಿಲ್ಲ, ವಸ್ತು ಎಲ್ಲಿದೆ ಎಂಬ ವಿಳಾಸ ಇರುತ್ತದೆ. ಲಿಸ್ಟನ್ನು 31ರಿಂದ ಗುಣಿಸಿದಾಗ ಪೈಥಾನ್ ಒಳಗಿನ ವಸ್ತುವಿನ 31 ನಕಲು ಮಾಡುವುದಿಲ್ಲ. ಒಂದೇ ವಿಳಾಸವನ್ನು 31 ಖಾನೆಗಳಲ್ಲಿ ಬರೆದಿಡುತ್ತದೆ. ನಿಮ್ಮ ಮೊದಲ ಸಾಲು ಮುಗಿದಾಗ ಮೆಮೊರಿಯಲ್ಲಿ ಇರುವುದು ಮೂರೇ ಲಿಸ್ಟ್: 12 ಖಾನೆಯದೊಂದು, 31 ಖಾನೆಯದೊಂದು, 10 ಖಾನೆಯದೊಂದು. ಒಟ್ಟು 53 ಖಾನೆ. ನಿಮಗೆ ಬೇಕಾದದ್ದು 10 × 31 × 12, ಅಂದರೆ 3720 ಅಂಕಿಗೆ ಜಾಗ. ಹಾಗಾಗಿ ನೀವು ಜುಲೈ ಖಾನೆಗೆ ಒಮ್ಮೆ ಬರೆದದ್ದು 310 ಕಡೆ ಕಾಣಿಸುತ್ತಿದೆ. ಬರೆದಿರುವುದು ಒಂದೇ ಕಡೆ, ಅಲ್ಲಿಗೆ ದಾರಿಗಳು 310.

ಪರೀಕ್ಷಿಸಲು `ಮಳೆ[0] ಈಸ್ ಮಳೆ[1]` ಕೊಡಿ, ಟ್ರೂ ಬರುತ್ತದೆ. ಎರಡು ಸಮ ಚಿಹ್ನೆ ಹಾಕಿ ಹೋಲಿಸಬೇಡಿ. ಅದು ಒಳಗಿನ ಬೆಲೆಗಳನ್ನು ಹೋಲಿಸುತ್ತದೆ, ಎಲ್ಲ ಸೊನ್ನೆಯಾಗಿದ್ದರೆ ಬೇರೆ ಬೇರೆ ಲಿಸ್ಟುಗಳಿಗೂ ಟ್ರೂ ಅನ್ನುತ್ತದೆ.

ಸರಿಯಾದ ರೂಪ ಇದು:

```
ಮಳೆ = [[[0.0] * 12 ಫಾರ್ ಜಿ ಇನ್ ರೇಂಜ್(31)] ಫಾರ್ ವ ಇನ್ ರೇಂಜ್(10)]
```

ಫಾರ್ ಒಂದೊಂದು ಸುತ್ತು ಬಂದಾಗಲೂ `[0.0] * 12` ಹೊಸದಾಗಿ ನಡೆಯುತ್ತದೆ, ಹೊಸ ಲಿಸ್ಟ್ ಹುಟ್ಟುತ್ತದೆ. ತೀರಾ ಒಳಗಿನ ಗುಣಾಕಾರವನ್ನು ಹಾಗೇ ಬಿಟ್ಟಿದ್ದೇನೆ, ಗಮನಿಸಿ. ಅಲ್ಲೂ ಒಂದೇ 0.0 ಹನ್ನೆರಡು ಖಾನೆಗಳಲ್ಲಿ ಹಂಚಿಕೆಯಾಗಿದೆ, ಆದರೆ ಸಂಖ್ಯೆ ಎಂಬ ವಸ್ತು ಬದಲಾಗುವಂಥದ್ದಲ್ಲ. 212.5 ಬರೆದಾಗ ಆ ಖಾನೆಯ ವಿಳಾಸ ಬದಲಾಗುತ್ತದೆ, 0.0 ತನ್ನ ಪಾಡಿಗೆ ಇರುತ್ತದೆ. ತೊಂದರೆ ಬರುವುದು ಲಿಸ್ಟ್, ಡಿಕ್ಷನರಿಯಂಥ ಬದಲಾಗಬಲ್ಲ ವಸ್ತುವನ್ನು ಗುಣಿಸಿದಾಗ ಮಾತ್ರ.

ಅರ್ಧ ತಿದ್ದುವುದು ಇನ್ನೂ ಕೆಟ್ಟದ್ದು:

```
ಮಳೆ = [[[0.0] * 12] * 31 ಫಾರ್ ವ ಇನ್ ರೇಂಜ್(10)]
```

ಇದರಲ್ಲಿ ವರ್ಷಗಳು ಬೇರೆಯಾದವು, ಜಿಲ್ಲೆಗಳು ಅಂಟಿಕೊಂಡೇ ಇವೆ. 2014ಕ್ಕೂ 2015ಕ್ಕೂ ಬೇರೆ ಅಂಕಿ ಬರುವುದರಿಂದ ಸರಿಹೋಯಿತು ಅನ್ನಿಸುತ್ತದೆ. ತಪ್ಪು ಸಿಗುವುದು ಎರಡು ಜಿಲ್ಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ.

ಇನ್ನೊಂದು ಲಕ್ಷಣವನ್ನೂ ತಿಳಿದಿರಿ. ನಿಮ್ಮ ಮೂಲ ಕೋಡಿನಲ್ಲೇ ಒಂದು ಅಂಕಿಯ ಬದಲು ಇಡೀ ಸಾಲನ್ನು, ಅಂದರೆ ಮಳೆ[0][4]ಕ್ಕೆ ಹೊಸ 12 ಅಂಕಿಯ ಲಿಸ್ಟನ್ನು ಕೊಟ್ಟರೆ, ಅದು ಹತ್ತೂ ವರ್ಷಗಳ ಐದನೇ ಜಿಲ್ಲೆಯಲ್ಲಿ (ಇಂಡೆಕ್ಸ್ 4) ಕಾಣುತ್ತದೆ, ಬೇರೆ ಜಿಲ್ಲೆಗಳಲ್ಲಿ ಕಾಣುವುದಿಲ್ಲ. ಏಕೆಂದರೆ ಈಗ ಬದಲಾದದ್ದು 31 ಖಾನೆಯ ಲಿಸ್ಟಿನ ಒಂದು ಖಾನೆ. ತಪ್ಪು ಒಂದೇ, ಎಷ್ಟು ಆಳದಲ್ಲಿ ಬರೆದಿರಿ ಎನ್ನುವುದರ ಮೇಲೆ ಅದರ ಮುಖ ಬೇರೆ. ಇದು ಗೊತ್ತಿಲ್ಲದೆ ಫೈಲಿನಲ್ಲೇ ದೋಷವಿದೆ ಎಂದು ಹುಡುಕುತ್ತಾ ಕೂರುವವರು ಬಹಳ.

ನಕಲು ಮಾಡುವಾಗಲೂ ಇದೇ ಕಥೆ. `ಪ್ರತಿ = ಮಳೆ[:]` ಹೊರಗಿನ 10 ಖಾನೆಗಳನ್ನು ಮಾತ್ರ ನಕಲಿಸುತ್ತದೆ, ಒಳಗಿನ ಜಿಲ್ಲೆ ಲಿಸ್ಟುಗಳು ಎರಡಕ್ಕೂ ಸಾಮಾನ್ಯ. ಪೂರ್ತಿ ಬೇರೆ ಪ್ರತಿ ಬೇಕಿದ್ದರೆ ಕಾಪಿ ಮಾಡ್ಯೂಲಿನ ಡೀಪ್‌ಕಾಪಿ ಬಳಸಿ.

ಉತ್ತರ 1ಕ್ಕೆ ಸೇರಿಸಿ

ಬೇರೆ ಸ್ಕ್ರಿಪ್ಟಿಂಗ್ ಭಾಷೆಯಿಂದ ಬರುವವರಿಗಾಗಿ. ಜಾವಾಸ್ಕ್ರಿಪ್ಟ್‌ನ ಫಿಲ್ ಮೆಥಡ್‌ಗೆ ಅರೇ ಕೊಟ್ಟರೂ ಒಂದೇ ಅರೇ ಎಲ್ಲ ಖಾನೆಗೂ ಹೋಗುತ್ತದೆ, ಅಲ್ಲಿ ಅರೇ.ಫ್ರಂಗೆ ಫಂಕ್ಷನ್ ಕೊಟ್ಟು ಕಟ್ಟಬೇಕು. ರೂಬಿಯಲ್ಲಿ ಅರೇ.ನ್ಯೂಗೆ ಎರಡನೇ ಆರ್ಗ್ಯುಮೆಂಟಾಗಿ ಅರೇ ಕೊಟ್ಟರೆ ಅದೇ ತಪ್ಪು, ಬ್ಲಾಕ್ ಕೊಟ್ಟರೆ ಸರಿ. ಪಿಎಚ್‌ಪಿಯಲ್ಲಿ ಅರೇಗಳು ಬೆಲೆಯಾಗಿ ಹಂಚಿಕೆಯಾಗುತ್ತವೆ, ಅಲ್ಲಿ ಈ ತೊಂದರೆ ಬರುವುದಿಲ್ಲ. ಆಕ್‌ನಲ್ಲಿ ಮಳೆ[0, 4, 6] ಅಂತ ಬರೆದರೆ ಓಡುತ್ತದೆ, ಆದರೆ ಅದು ನಿಜವಾದ ಮೂರು ಆಯಾಮ ಅಲ್ಲ: ಮೂರನ್ನೂ ನಡುವೆ ಒಂದು ಅದೃಶ್ಯ ಅಕ್ಷರ ಹಾಕಿ ಒಂದೇ ಸ್ಟ್ರಿಂಗ್ ಕೀ ಮಾಡುತ್ತದೆ. ಬ್ಯಾಶ್‌ನಲ್ಲಿ ಅದೂ ಇಲ್ಲ, ಅಸೋಸಿಯೇಟಿವ್ ಅರೇಗೆ "0,4,6" ಎಂಬ ಕೀಯನ್ನು ನಾವೇ ಜೋಡಿಸಬೇಕು.

ಉತ್ತರ 2

ಎರಡನೇ ಪ್ರಶ್ನೆಗೆ. ಮಳೆ[0][:][6]ರಲ್ಲಿ ನಡುವಿನ ಸ್ಲೈಸ್ "ಎಲ್ಲ ಜಿಲ್ಲೆಗಳಲ್ಲಿ" ಎಂಬ ಅರ್ಥ ಕೊಡುತ್ತದೆ ಎಂದುಕೊಂಡಿದ್ದೀರಿ. ಅದು ಎಡದಿಂದ ಬಲಕ್ಕೆ ಒಂದೊಂದೇ ಹೆಜ್ಜೆ ನಡೆಯುತ್ತದೆ. ಮಳೆ[0] ಅಂದರೆ 31 ಜಿಲ್ಲೆಗಳ ಲಿಸ್ಟ್. ಅದರ [:] ಅಂದರೆ ಅದೇ ಲಿಸ್ಟಿನ ನಕಲು, ಈಗಲೂ 31 ಜಿಲ್ಲೆ. ಅದರ [6] ಅಂದರೆ ಏಳನೇ ಜಿಲ್ಲೆ. ನಿಮಗೆ ಸಿಕ್ಕ 12 ಅಂಕಿ ಆ ಏಳನೇ ಜಿಲ್ಲೆಯ ಜನವರಿಯಿಂದ ಡಿಸೆಂಬರ್.

ಲಿಸ್ಟಿನೊಳಗಿನ ಲಿಸ್ಟಿಗೆ ಸಾಲು ಮಾತ್ರ ಗೊತ್ತು, ಕಾಲಂ ಎಂಬುದು ಗೊತ್ತಿಲ್ಲ. ಕಾಲಂ ಬೇಕಿದ್ದರೆ ನಾವೇ ಹೆಕ್ಕಬೇಕು:

```
ಜುಲೈ = [ಜಿ[6] ಫಾರ್ ಜಿ ಇನ್ ಮಳೆ[0]]
```

ಎಲ್ಲ ತಿಂಗಳುಗಳೂ ಕಾಲಂ ರೂಪದಲ್ಲಿ ಬೇಕಿದ್ದರೆ ಜಿಪ್:

```
ತಿಂಗಳವಾರು = ಲಿಸ್ಟ್(ಜಿಪ್(*ಮಳೆ[0]))
```

ಈಗ ತಿಂಗಳವಾರು[6]ರಲ್ಲಿ 31 ಅಂಕಿ ಇರುತ್ತವೆ. ಎರಡು ಎಚ್ಚರಿಕೆ. ಬರುವುದು ಟುಪಲ್, ಅದರೊಳಗೆ ಬರೆಯಲಾಗದು. ಮತ್ತು ಜಿಪ್ ಅತಿ ಚಿಕ್ಕ ಸಾಲಿಗೆ ನಿಂತುಬಿಡುತ್ತದೆ. ಅಪೆಂಡ್ ಮಾಡುತ್ತಾ ತುಂಬಿದ ಅರೇಯಲ್ಲಿ ಒಂದೇ ಒಂದು ಜಿಲ್ಲೆಗೆ ಡಿಸೆಂಬರ್ ಬಿಟ್ಟುಹೋಗಿ 11 ಅಂಕಿ ಇದ್ದರೂ 31 ಜಿಲ್ಲೆಗಳ ಡಿಸೆಂಬರ್ ಮಾಯವಾಗುತ್ತದೆ, ಎರರ್ ಬರುವುದಿಲ್ಲ. ನಿಮ್ಮಲ್ಲಿ 3.11 ಇರುವುದರಿಂದ `ಜಿಪ್(*ಮಳೆ[0], ಸ್ಟ್ರಿಕ್ಟ್=ಟ್ರೂ)` ಎಂದು ಕೊಡಿ. ಉದ್ದ ಹೊಂದದಿದ್ದರೆ ಅಲ್ಲೇ ವ್ಯಾಲ್ಯೂಎರರ್ ಕೊಟ್ಟು ನಿಲ್ಲುತ್ತದೆ. ಈ ಸೌಲಭ್ಯ 3.10ರಿಂದ ಇದೆ. ಇದನ್ನು ಅಭ್ಯಾಸ ಮಾಡಿಕೊಳ್ಳುವುದು ತುಂಬಾ ಒಳ್ಳೆಯದು.

ತಿಂಗಳ ಸಂಖ್ಯೆ ಬಗ್ಗೆಯೂ ಒಂದು ಮಾತು. ಫೈಲಿನಲ್ಲಿ ಜನವರಿ 1, ಅರೇಯಲ್ಲಿ 0. ಓದುವಾಗ ಒಮ್ಮೆ ಒಂದನ್ನು ಕಳೆದು, ತುಂಬುವಾಗ ಮರೆತು ಮತ್ತೊಮ್ಮೆ ಕಳೆದರೆ ಜನವರಿ -1 ಆಗುತ್ತದೆ. ಪೈಥಾನ್‌ನಲ್ಲಿ -1 ಅಂದರೆ ಕೊನೆಯ ಖಾನೆ. ಜನವರಿ ಮಳೆ ಡಿಸೆಂಬರಿನಲ್ಲಿ ಕೂರುತ್ತದೆ, ಜುಲೈ ಮಳೆ ಜೂನಿನಲ್ಲಿ. ವರ್ಷದ ಮೊತ್ತ ಮಾತ್ರ ಸರಿಯಾಗೇ ಬರುವುದರಿಂದ ಮೊತ್ತ ತಾಳೆ ನೋಡಿದರೂ ಸಿಕ್ಕಿಬೀಳುವುದಿಲ್ಲ. ಕಳೆಯುವುದನ್ನು ಒಂದೇ ಕಡೆ ಇಟ್ಟುಕೊಳ್ಳಿ.

ಉತ್ತರ 3

ಮೂರನೇ ಪ್ರಶ್ನೆಯಲ್ಲಿ ನೀವು ನೋಡಿರುವ ಅಲ್ಪವಿರಾಮದ ರೂಪ ನಂಪೈ ಲೈಬ್ರರಿಯದು. ನಿಮ್ಮ ಕೆಲಸಕ್ಕೆ ಅದೇ ಸರಿ. `ಇಂಪೋರ್ಟ್ ನಂಪೈ ಆ್ಯಸ್ ನಂ` ಎಂದು ತಂದುಕೊಂಡಿದ್ದೇವೆ ಎಂದಿಟ್ಟುಕೊಳ್ಳಿ.

```
ಮಳೆ = ನಂ.ಜೀರೋಸ್((10, 31, 12))
ಮಳೆ[0, 4, 6] = 212.5
ಜುಲೈ = ಮಳೆ[0, :, 6]
```

ಆವರಣ ಚಿಹ್ನೆ ಜೋಡಿಯಾಗಿರಬೇಕು. ಒಂದೇ ಆವರಣದಲ್ಲಿ 10, 31, 12 ಕೊಟ್ಟರೆ 31 ಎಂಬುದನ್ನು ಡೇಟಾ ಟೈಪ್ ಎಂದು ಓದಲು ಹೋಗಿ ಟೈಪ್‌ಎರರ್ ಕೊಡುತ್ತದೆ. ಈ ಅರೇಯಲ್ಲಿ ವಿಳಾಸಗಳ ಜಂಜಾಟ ಇಲ್ಲ, 3720 ದಶಮಾಂಶ ಸಂಖ್ಯೆಗಳು ಒಂದರ ಪಕ್ಕ ಒಂದು ಕೂತಿರುತ್ತವೆ, ಒಂದಕ್ಕೆ 8 ಬೈಟ್‌ನಂತೆ 29,760 ಬೈಟ್. [0, :, 6] ನಿಜವಾಗಿಯೂ 31 ಜಿಲ್ಲೆಗಳ ಜುಲೈ ಕೊಡುತ್ತದೆ.

ಕೂತಿರುವ ಕ್ರಮ ತಿಳಿದರೆ ಉಳಿದದ್ದೆಲ್ಲ ಸುಲಭ. ಕೊನೆಯ ಇಂಡೆಕ್ಸ್ ಅತಿ ಬೇಗ ಓಡುತ್ತದೆ. ಪಕ್ಕದ ತಿಂಗಳಿಗೆ 8 ಬೈಟ್ ದೂರ, ಪಕ್ಕದ ಜಿಲ್ಲೆಗೆ 96, ಪಕ್ಕದ ವರ್ಷಕ್ಕೆ 2976. ಮಳೆ.ಸ್ಟ್ರೈಡ್ಸ್ ಕೇಳಿದರೆ (2976, 96, 8) ಎಂದೇ ಹೇಳುತ್ತದೆ. ಸ್ಥಾನದ ಲೆಕ್ಕ: ವರ್ಷವನ್ನು 31ರಿಂದ ಗುಣಿಸಿ ಜಿಲ್ಲೆ ಕೂಡಿಸಿ, ಅದನ್ನು 12ರಿಂದ ಗುಣಿಸಿ ತಿಂಗಳು ಕೂಡಿಸಿ. [3, 4, 6]ಕ್ಕೆ 3 × 31 + 4 = 97, 97 × 12 + 6 = 1170.

ಆಕ್ಸಿಸ್ (ಆಯಾಮದ ಸಂಖ್ಯೆ: ಇಲ್ಲಿ 0 ವರ್ಷ, 1 ಜಿಲ್ಲೆ, 2 ತಿಂಗಳು) ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ನೆನಪಿಟ್ಟುಕೊಳ್ಳಲು ಒಂದೇ ಸೂತ್ರ ಸಾಕು: ನೀವು ಹೆಸರಿಸಿದ ಆಕ್ಸಿಸ್ ಕರಗಿಹೋಗುತ್ತದೆ. ಮಳೆ.ಸಮ್(ಆಕ್ಸಿಸ್=2) ತಿಂಗಳುಗಳನ್ನು ಕರಗಿಸಿ (10, 31) ಕೊಡುತ್ತದೆ, ಅಂದರೆ ಜಿಲ್ಲೆಯ ವಾರ್ಷಿಕ ಮಳೆ. ಮಳೆ.ಮೀನ್(ಆಕ್ಸಿಸ್=0) ವರ್ಷಗಳನ್ನು ಕರಗಿಸಿ (31, 12) ಕೊಡುತ್ತದೆ, ಆ ಜಿಲ್ಲೆಯಲ್ಲಿ ಆ ತಿಂಗಳ ಹತ್ತು ವರ್ಷದ ಸರಾಸರಿ. ಆಕ್ಸಿಸ್=1ರ ಮೊತ್ತವನ್ನು ಮಾತ್ರ ಮಾಡಬೇಡಿ. ಮಿಲಿಮೀಟರ್ ಎಂಬುದು ನೀರಿನ ಆಳ, 31 ಜಿಲ್ಲೆಗಳ ಆಳವನ್ನು ಕೂಡಿದರೆ ಬರುವ ಅಂಕಿಗೆ ಅರ್ಥವಿಲ್ಲ. ರಾಜ್ಯದ ಸರಾಸರಿಗೆ ಜಿಲ್ಲೆಯ ವಿಸ್ತೀರ್ಣವನ್ನು ತೂಕವಾಗಿ ಕೊಟ್ಟು ನಂ.ಆ್ಯವರೇಜ್ ಬಳಸಬೇಕು: ಆಕ್ಸಿಸ್=1, ವೇಟ್ಸ್=ವಿಸ್ತೀರ್ಣ, ಇಲ್ಲಿ ವಿಸ್ತೀರ್ಣ 31 ಅಂಕಿಯ ಅರೇ.

ವಾಡಿಕೆಗಿಂತ ಎಷ್ಟು ಹೆಚ್ಚು ಕಡಿಮೆ ಎಂದು ನೋಡಲು `ಮಳೆ - ಮಳೆ.ಮೀನ್(ಆಕ್ಸಿಸ್=0)` ಸೀದಾ ನಡೆಯುತ್ತದೆ. ನಂಪೈ ಆಕಾರಗಳನ್ನು ಬಲತುದಿಯಿಂದ ಹೊಂದಿಸುತ್ತದೆ. (10, 31, 12)ರ ಬಲಭಾಗಕ್ಕೆ (31, 12) ಸರಿಯಾಗಿ ಕೂರುತ್ತದೆ. ಆದರೆ ಪ್ರತಿ ಜಿಲ್ಲೆಯ ಆ ವರ್ಷದ ಸರಾಸರಿಯನ್ನು ಕಳೆಯಲು ಆಕ್ಸಿಸ್=2 ಹಾಕಿದರೆ (10, 31) ಬರುತ್ತದೆ, 31ಕ್ಕೂ 12ಕ್ಕೂ ತಾಳೆಯಾಗದೆ ವ್ಯಾಲ್ಯೂಎರರ್. ಅಲ್ಲಿ ಕೀಪ್‌ಡಿಮ್ಸ್=ಟ್ರೂ ಸೇರಿಸಿ, (10, 31, 1) ಆಗುತ್ತದೆ, ಆಗ ಕಳೆಯಬಹುದು.

ಎರರ್ ಬಂದರೆ ಅದೃಷ್ಟ. ಒಂದೇ ಜಿಲ್ಲೆಯ 12 ವರ್ಷ × 12 ತಿಂಗಳ ಅರೇ ಇಟ್ಟುಕೊಂಡು ಆಕ್ಸಿಸ್=1ರ ಸರಾಸರಿಯನ್ನು ಕೀಪ್‌ಡಿಮ್ಸ್ ಇಲ್ಲದೆ ಕಳೆದು ನೋಡಿ. 12 ಅಂಕಿ ಬಲತುದಿಯ 12ಕ್ಕೆ ಹೊಂದಿಬಿಡುತ್ತದೆ. ಮೊದಲ ವರ್ಷದ ಸರಾಸರಿ ಎಲ್ಲ ಜನವರಿಗಳಿಂದ, ಎರಡನೇ ವರ್ಷದ್ದು ಎಲ್ಲ ಫೆಬ್ರುವರಿಗಳಿಂದ ಕಳೆದುಹೋಗುತ್ತದೆ. ಉತ್ತರ ಬರುತ್ತದೆ, ಪೂರ್ತಿ ತಪ್ಪು. ಸರಾಸರಿ ಕಳೆಯುವ ಕಡೆಯೆಲ್ಲ ಕೀಪ್‌ಡಿಮ್ಸ್ ಹಾಕುವುದೇ ಕ್ಷೇಮ.

ಲಿಸ್ಟಿನಿಂದ ಬರುವವರಿಗೆ ಸ್ಲೈಸ್ ಇಲ್ಲಿ ತಿರುಗುಮುರುಗು. ಲಿಸ್ಟಿನ ಸ್ಲೈಸ್ ನಕಲು, ನಂಪೈ ಸ್ಲೈಸ್ ಅದೇ ಮೆಮೊರಿಗೆ ಇನ್ನೊಂದು ಕಿಟಕಿ.

```
ಬೇಸಿಗೆ = ಮಳೆ[:, :, 2:5]
ಬೇಸಿಗೆ[:] = 0
```

ಇಷ್ಟಕ್ಕೆ ಮೂಲ ಅರೇಯ ಮಾರ್ಚ್, ಏಪ್ರಿಲ್, ಮೇ ಎಲ್ಲ ಸೊನ್ನೆ. ಬೇರೆ ಪ್ರತಿ ಬೇಕಿದ್ದರೆ .ಕಾಪಿ() ಹಾಕಿ. ಆದರೆ ಇಂಡೆಕ್ಸ್ ಜಾಗದಲ್ಲಿ ಲಿಸ್ಟ್ ಕೊಟ್ಟರೆ, ಉದಾಹರಣೆಗೆ ಮಳೆ[:, [0, 3], :], ಬರುವುದು ನಕಲು.

ಟೈಪ್ ಬಗ್ಗೆಯೂ ನೋಡಿಕೊಳ್ಳಿ. ನಂ.ಫುಲ್((10, 31, 12), 0) ಎಂದರೆ ಪೂರ್ಣಾಂಕದ ಅರೇ ಹುಟ್ಟುತ್ತದೆ. ಅದಕ್ಕೆ 212.5 ಬರೆದರೆ 212 ಉಳಿಯುತ್ತದೆ, ಸದ್ದಿಲ್ಲದೆ. 0.0 ಎಂದು ಬರೆಯಬೇಕು.

ಕೇಳಿದವರಿಂದ

ಎಲ್ಲರಿಗೂ ತುಂಬಾ ಧನ್ಯವಾದ. ನಂಪೈಗೆ ಬದಲಾಯಿಸಿದೆ. ಫೈಲಿನ ಮಿಲಿಮೀಟರ್ ಕಾಲಂ ಪೂರ್ತಿ ಓದಿಕೊಂಡು ರೀಶೇಪ್(10, 31, 12) ಕೊಟ್ಟರೆ ವ್ಯಾಲ್ಯೂಎರರ್: 3636 ಅಂಕಿಯ ಅರೇಯನ್ನು ಆ ಆಕಾರಕ್ಕೆ ತರಲಾಗದು ಎನ್ನುತ್ತದೆ. ಫೈಲಿನಲ್ಲಿ ಖಾಲಿ ಸಾಲು ಇಲ್ಲ. ಕೊನೆಯಲ್ಲಿ 84 ಸೊನ್ನೆ ಸೇರಿಸಿದರೆ ಓಡುತ್ತದೆ, ಹಾಗೆ ಮಾಡಬಹುದೇ?

ಉತ್ತರ 4

ಖಂಡಿತ ಮಾಡಬೇಡಿ. ಆ 84 ಎಲ್ಲಿಂದ ಬಂತು ಎಂದು ನೋಡಿ: 7 × 12. ಏಳು ವರ್ಷ ಒಂದು ಜಿಲ್ಲೆ ಇಲ್ಲ. ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿ 31ನೇ ಜಿಲ್ಲೆಯಾದದ್ದು 2021ರಲ್ಲಿ. 2014ರಿಂದ 2020ರವರೆಗೆ 30 ಜಿಲ್ಲೆ: 7 × 30 × 12 = 2520. 2021ರಿಂದ 2023ಕ್ಕೆ 3 × 31 × 12 = 1116. ಕೂಡಿದರೆ 3636. ಫೈಲ್ ಸರಿಯಾಗಿದೆ, ನೀವು 31 ಎಂದು ಹಿಡಿದ ಆಕಾರ ಮೊದಲ ಏಳು ವರ್ಷಗಳಿಗೆ ನಿಜವಲ್ಲ.

ಕೊನೆಗೆ ಸೊನ್ನೆ ಸೇರಿಸಿದರೆ ಏನಾಗುತ್ತದೆ? 2014ಕ್ಕೆ 360 ಅಂಕಿ ಇವೆ, ಅರೇ 372 ಕೇಳುತ್ತದೆ. ಬಾಕಿ 12 ಅಂಕಿಯನ್ನು 2015ರ ಮೊದಲ ಜಿಲ್ಲೆಯಿಂದ ಎಳೆದುಕೊಳ್ಳುತ್ತದೆ. ಆಮೇಲೆ ಪ್ರತಿ ವರ್ಷ ಒಂದೊಂದು ಜಿಲ್ಲೆಯಷ್ಟು ಜಾರುತ್ತಾ ಹೋಗುತ್ತದೆ, 2021ರ ಹೊತ್ತಿಗೆ ಏಳು ಜಿಲ್ಲೆಯಷ್ಟು. ಮುಂದಿನ ಮೂರು ವರ್ಷ ಆ ಏಳರ ಜಾರಿಕೆ ಹಾಗೇ ಉಳಿಯುತ್ತದೆ. ಜಾರುವುದು 12ರ ಗುಣಕದಲ್ಲಾದ್ದರಿಂದ ತಿಂಗಳುಗಳು ಸರಿಯಾಗೇ ಕಾಣುತ್ತವೆ, ಜುಲೈ ಕಾಲಂನಲ್ಲಿ ಜುಲೈ ಮಳೆಯೇ ಇರುತ್ತದೆ. ಗ್ರಾಫ್ ನೋಡಿದರೂ ಅನುಮಾನ ಬರುವುದಿಲ್ಲ.

ಅಂಕಿಗಳ ಎಣಿಕೆ ಸರಿಯಿದ್ದಾಗಲೂ ರೀಶೇಪ್ ನಂಬುವ ಮೊದಲು ಸಾಲುಗಳ ಕ್ರಮ ನೋಡಬೇಕು. ಕೆಲವು ಫೈಲುಗಳು ತಿಂಗಳ ವರದಿಗಳನ್ನು ಒಂದರ ಕೆಳಗೊಂದು ಜೋಡಿಸಿದವು: ಜನವರಿಗೆ 31 ಜಿಲ್ಲೆ, ಫೆಬ್ರುವರಿಗೆ 31 ಜಿಲ್ಲೆ, ಹೀಗೆ. ಅದನ್ನು (10, 31, 12)ಕ್ಕೆ ರೀಶೇಪ್ ಮಾಡಿದರೆ ಎರರ್ ಇಲ್ಲ, ಆದರೆ "ಮೊದಲ ಜಿಲ್ಲೆಯ 12 ತಿಂಗಳು" ಎಂದು ನೀವು ಓದುವುದು ಮೊದಲ 12 ಜಿಲ್ಲೆಗಳ ಜನವರಿಯನ್ನು. ಅಂಥ ಫೈಲಿಗೆ ರೀಶೇಪ್(10, 12, 31) ಮಾಡಿ ಆಮೇಲೆ .ಸ್ವಾಪ್‌ಆಕ್ಸೀಸ್(1, 2) ಹಾಕಬೇಕು. ತಾಳೆ ನೋಡಲು ಒಂದೇ ಅಂಕಿ ಸಾಕು. ವರ್ಷ, ಜಿಲ್ಲೆ, ತಿಂಗಳು ಕ್ರಮದ ಫೈಲಿನಲ್ಲಿ [3, 4, 6] ಎಂಬುದು ತಲೆಬರಹ ಬಿಟ್ಟು 1171ನೇ ಸಾಲು. ವರ್ಷ, ತಿಂಗಳು, ಜಿಲ್ಲೆ ಕ್ರಮದಲ್ಲಾದರೆ (3 × 12 + 6) × 31 + 4 = 1306, ಅಂದರೆ 1307ನೇ ಸಾಲು. ಫೈಲನ್ನು ಎಡಿಟರಿನಲ್ಲಿ ತೆರೆದು ಆ ಸಾಲನ್ನು ಕಣ್ಣಾರೆ ನೋಡಿ.

ನಿಮ್ಮ ಫೈಲಿಗೆ ಎರಡೂ ಬೇಡ. ಸಾಲಿನಲ್ಲೇ ವರ್ಷ, ಜಿಲ್ಲೆ, ತಿಂಗಳು ಬರೆದಿರುವಾಗ ಕ್ರಮವನ್ನು ನಂಬುವ ಅಗತ್ಯವೇ ಇಲ್ಲ:

```
ಸ್ಥಾನ = {ಹೆಸರು: ಸಂ ಫಾರ್ ಸಂ, ಹೆಸರು ಇನ್ ಎನ್ಯೂಮರೇಟ್(ಜಿಲ್ಲೆಗಳು)}
ಮಳೆ = ನಂ.ಫುಲ್((10, 31, 12), ನಂ.ನ್ಯಾನ್)
ಫಾರ್ ವ, ಜಿ, ತಿಂ, ಮಿಮೀ ಇನ್ ಸಾಲುಗಳು:
    ಮಳೆ[ಇಂಟ್(ವ) - 2014, ಸ್ಥಾನ[ಜಿ], ಇಂಟ್(ತಿಂ) - 1] = ಫ್ಲೋಟ್(ಮಿಮೀ)
```

ಸೊನ್ನೆಯ ಬದಲು ನ್ಯಾನ್ (ಇಲ್ಲಿ ಅಂಕಿ ಇಲ್ಲ ಎಂಬ ಗುರುತು) ತುಂಬಿಸಿದ್ದು ಬೇಕೆಂದೇ. ಮಳೆ ಲೆಕ್ಕದಲ್ಲಿ ಸೊನ್ನೆ ಒಂದು ನಿಜವಾದ ಅಳತೆ: ಜನವರಿಯಲ್ಲಿ ಬಹಳ ಜಿಲ್ಲೆಗಳಲ್ಲಿ ಒಂದು ಹನಿಯೂ ಬೀಳುವುದಿಲ್ಲ. "ಮಳೆ ಬರಲಿಲ್ಲ" ಮತ್ತು "ಅಳತೆ ಇಲ್ಲ" ಎರಡನ್ನೂ ಸೊನ್ನೆಯಲ್ಲಿ ಬರೆದರೆ ಆಮೇಲೆ ಬೇರ್ಪಡಿಸಲು ದಾರಿಯೇ ಇಲ್ಲ. ವಿಜಯನಗರದ ಮೊದಲ ಏಳು ವರ್ಷ ಸೊನ್ನೆಯಾದರೆ ಅದರ ಸರಾಸರಿ ನಿಜದ ಹತ್ತನೇ ಮೂರು ಪಾಲಿಗೆ ಇಳಿಯುತ್ತದೆ.

ನ್ಯಾನ್ ಇದ್ದಾಗ ಮೀನ್ ಬದಲು ನಂ.ನ್ಯಾನ್‌ಮೀನ್ ಬಳಸಿ. ನಂ.ನ್ಯಾನ್‌ಸಮ್ ಬಳಸುವಾಗ ಹುಷಾರಾಗಿರಿ: ಎಲ್ಲವೂ ನ್ಯಾನ್ ಆಗಿರುವ ಸಾಲಿನ ಮೊತ್ತವನ್ನು ಅದು 0 ಎಂದು ಕೊಡುತ್ತದೆ, ಬಾಗಿಲಿನಿಂದ ಕಳಿಸಿದ ಸೊನ್ನೆ ಕಿಟಕಿಯಿಂದ ಬಂದಂತೆ. ವಾರ್ಷಿಕ ಮೊತ್ತಕ್ಕೆ ಸಾದಾ ಸಮ್ ಇರಲಿ, ಒಂದು ತಿಂಗಳು ಇಲ್ಲದಿದ್ದರೂ ನ್ಯಾನ್ ಬಂದು ನಿಮ್ಮನ್ನು ಎಚ್ಚರಿಸುತ್ತದೆ. ನ್ಯಾನ್ ಎಷ್ಟಿವೆ ಎಂದು ನಂ.ಈಸ್‌ನ್ಯಾನ್(ಮಳೆ).ಸಮ್() ಹೇಳುತ್ತದೆ. ನಿಮ್ಮದರಲ್ಲಿ 84 ಬರಬೇಕು, ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ. ನ್ಯಾನ್ ತನಗೆ ತಾನೇ ಸಮವಲ್ಲ, ಸಮ ಚಿಹ್ನೆಯಿಂದ ಹುಡುಕಿದರೆ ಸಿಗುವುದಿಲ್ಲ.

ಬಳ್ಳಾರಿಯ ಸಾಲನ್ನೂ ಮರೆಯಬೇಡಿ. 2020ರವರೆಗಿನ ಬಳ್ಳಾರಿಯಲ್ಲಿ ಹೊಸಪೇಟೆ, ಹಡಗಲಿ, ಹರಪನಹಳ್ಳಿ ಕಡೆಯ ಮಳೆಯೂ ಸೇರಿದೆ, ಆಮೇಲಿನದರಲ್ಲಿ ಇಲ್ಲ. ಹೆಸರು ಒಂದೇ, ನೆಲ ಬೇರೆ. ಹರಪನಹಳ್ಳಿ ಮೊದಲು ದಾವಣಗೆರೆಯಲ್ಲಿದ್ದು 2018ರಲ್ಲಿ ಬಳ್ಳಾರಿಗೆ ಬಂದದ್ದು, ಆದ್ದರಿಂದ ಅಲ್ಲಿಯೂ ಒಂದು ಒಡಕು ಇದೆ. ಹತ್ತು ವರ್ಷದ ಸರಾಸರಿ ತೆಗೆಯುವಾಗ ಈ ಮೂರು ಜಿಲ್ಲೆಗಳ ಅಂಕಿಗೆ ಟಿಪ್ಪಣಿ ಬೇಕು. ಅರೇಗೆ ಇದು ಯಾವತ್ತೂ ಗೊತ್ತಾಗುವುದಿಲ್ಲ.

ಕೇಳಿದವರಿಂದ

ಅರ್ಥವಾಯಿತು ಸರ್, ಮೇಲಿನಂತೆಯೇ ಬರೆದೆ. ಆದರೆ ಅರ್ಧದಲ್ಲಿ ಕೀಎರರ್ ಬಂದು ನಿಲ್ಲುತ್ತದೆ, 'ಕೊಡಗು' ಸಿಗಲಿಲ್ಲ ಎನ್ನುತ್ತದೆ. ಜಿಲ್ಲೆಗಳು ಲಿಸ್ಟಿನಲ್ಲಿ "ಕೊಡಗು" ಇದೆ, ಮುದ್ರಿಸಿ ನೋಡಿದರೆ ಎರಡೂ ಒಂದೇ. ಹಾಸನ, ಮಂಡ್ಯ ಯಾವ ತಕರಾರೂ ಇಲ್ಲದೆ ಹೋಗುತ್ತವೆ.

ಉತ್ತರ 5

ಲೆನ್("ಕೊಡಗು") ಎರಡಕ್ಕೂ ಕೇಳಿ ನೋಡಿ. ಒಂದು 5, ಇನ್ನೊಂದು 6 ಬರಬೇಕು.

ಯೂನಿಕೋಡ್‌ನಲ್ಲಿ "ಕೊ" ಅಕ್ಷರದ ಒತ್ವವನ್ನು ಎರಡು ಬಗೆಯಲ್ಲಿ ಬರೆಯಬಹುದು. ಒಂದೇ ಚಿಹ್ನೆಯಾಗಿ, ಅಥವಾ ಎತ್ವ ಮತ್ತು ಊಕಾರದ ಕೊಂಬು ಎಂಬ ಎರಡು ಚಿಹ್ನೆಗಳಾಗಿ. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಡಿಕ್ಷನರಿಗೆ ಅವು ಬೇರೆ ಬೇರೆ ಸ್ಟ್ರಿಂಗ್. ಏತ್ವ, ಓತ್ವ, ಐತ್ವ, ಈಕಾರ ಎಲ್ಲಕ್ಕೂ ಇದೇ ಸ್ಥಿತಿ. "ಕೋಲಾರ" ಒಂದು ರೀತಿಯಲ್ಲಿ 5, ಪೂರ್ತಿ ಬಿಡಿಸಿದರೆ 7. ಮೈಸೂರು, ಬೀದರ್, ಬೆಳಗಾವಿ ನೋಡಿ: ಮೊದಲೆರಡಕ್ಕೆ ತೊಂದರೆ ಬರಬಹುದು, ಬೆಳಗಾವಿಯ ಎತ್ವ ಒಂಟಿ ಚಿಹ್ನೆ, ಅದಕ್ಕೆ ಬರುವುದಿಲ್ಲ. ಹಾಸನ, ಮಂಡ್ಯ, ಗದಗ, ಉಡುಪಿಯಲ್ಲಿ ಒಡೆಯುವ ಚಿಹ್ನೆಯೇ ಇಲ್ಲ.

ಓದುವಾಗಲೇ ತಿದ್ದಿಕೊಳ್ಳಿ. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಜ್ ಫಂಕ್ಷನ್‌ಗೆ 'ಎನ್‌ಎಫ್‌ಸಿ' ಎಂಬ ರೂಪ ಕೊಟ್ಟರೆ ಬಿಡಿ ಚಿಹ್ನೆಗಳನ್ನೆಲ್ಲ ಕೂಡಿಸಿ ಒಂದೇ ಮಾಡುತ್ತದೆ. ಫೈಲಿನಿಂದ ಬಂದ ಹೆಸರಿಗೂ, ನೀವು ಟೈಪ್ ಮಾಡಿದ ಜಿಲ್ಲೆಗಳು ಲಿಸ್ಟಿಗೂ, ಎರಡಕ್ಕೂ ಹಾಕಿ. ಸ್ಟ್ರಿಪ್ ಕೂಡ ಹಾಕಿ, ಹೆಸರಿನ ಹಿಂದೆ ಮುಂದೆ ಖಾಲಿ ಜಾಗ ಉಳಿದಿರುವುದು ಸಾಮಾನ್ಯ. ವೇರಿಯಬಲ್ ಹೆಸರುಗಳಿಗೆ ಪೈಥಾನ್ ಈ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ, ಸ್ಟ್ರಿಂಗ್‌ಗಳನ್ನು ಮುಟ್ಟುವುದಿಲ್ಲ.

ಎನ್‌ಎಫ್‌ಸಿ ತಿದ್ದದ ಒಂದು ಅಕ್ಷರ ಇದೆ: ಅರ್ಧಾಕ್ಷರ ಬಿಡಿಯಾಗಿ ನಿಲ್ಲಲು ಕೀಬೋರ್ಡ್ ಹಾಕುವ ಶೂನ್ಯ ಅಗಲದ ಬೇರ್ಪಡಿಕೆ. "ಬೀದರ್" ಕೊನೆಯಲ್ಲಿ ಅದು ಅಂಟಿಕೊಂಡಿದ್ದರೆ ಕಣ್ಣಿಗೂ ಕಾಣದು, ಸ್ಟ್ರಿಪ್‌ಗೂ ಸಿಗದು. ರಿಪ್ಲೇಸ್‌ನಿಂದ ಕಿತ್ತುಹಾಕಬೇಕು. ವೇರಿಯಬಲ್ ಹೆಸರಿನೊಳಗೆ ಇದೇ ಅಕ್ಷರ ನುಸುಳಿದರೆ ಸಿಂಟ್ಯಾಕ್ಸ್‌ಎರರ್ ಬರುತ್ತದೆ, ಕನ್ನಡ ಹೆಸರು ಬಳಸುವವರು ಇದನ್ನು ನೆನಪಿಡಿ.

ಎಕ್ಸೆಲ್‌ನಿಂದ ಉಳಿಸಿದ ಫೈಲಾದರೆ ತೆರೆಯುವಾಗ ಎನ್‌ಕೋಡಿಂಗ್ 'ಯುಟಿಎಫ್-8-ಸಿಗ್' ಕೊಡಿ. ಇಲ್ಲದಿದ್ದರೆ ಮೊದಲ ಕಾಲಂ ತಲೆಬರಹಕ್ಕೆ ಅದೃಶ್ಯ ಗುರುತೊಂದು ಅಂಟಿ "ವರ್ಷ" ಎಂಬ ಕಾಲಮ್ಮೇ ಇಲ್ಲ ಎನ್ನುತ್ತದೆ. ಅಂಕಿಗಳು ಕನ್ನಡದಲ್ಲಿದ್ದರೆ ಹೆದರಬೇಡಿ, ಫ್ಲೋಟ್("೨೧೨.೫") ಸರಿಯಾಗಿ 212.5 ಕೊಡುತ್ತದೆ. ಕೋಡಿನೊಳಗೆ ಮಾತ್ರ ಸಂಖ್ಯೆಯನ್ನು ಹಾಗೆ ಬರೆಯುವಂತಿಲ್ಲ.

ಊರಿನ ಹೆಸರು ಬದಲಾದದ್ದು ಉಳಿಯಿತು. 2014ರ ನವೆಂಬರ್ 1ರಿಂದ ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ನಿಮ್ಮ ಫೈಲಿನ ಮೊದಲ ವರ್ಷದ ಸಾಲುಗಳಲ್ಲಿ ಹಳೆಯ ಹೆಸರೇ ಇರಬಹುದು:

```
ಬದಲಿ = {"ಗುಲ್ಬರ್ಗ": "ಕಲಬುರಗಿ", "ಬಿಜಾಪುರ": "ವಿಜಯಪುರ"}
ಜಿ = ಬದಲಿ.ಗೆಟ್(ಜಿ, ಜಿ)
```

ಕೀಎರರ್ ಕಾಟ ತಪ್ಪಿಸಲು ಸಿಗದ ಹೆಸರಿಗೆ ಹೊಸ ಸ್ಥಾನ ಕೊಡುತ್ತಾ ಹೋಗುವ ಕೋಡ್ ಬರೆಯಬೇಡಿ. ಆಗ ಎರಡು ಕೊಡಗು, ಎರಡು ಕೋಲಾರ ಹುಟ್ಟಿಕೊಂಡು ಅರ್ಧರ್ಧ ತುಂಬಿರುತ್ತವೆ. ಅರೇ ತುಂಬುವ ಮೊದಲು ಫೈಲಿನ ಹೆಸರುಗಳನ್ನೆಲ್ಲ ಶುದ್ಧ ಮಾಡಿ ಒಂದು ಸೆಟ್‌ಗೆ ಹಾಕಿ ಅದರ ಲೆನ್ ಕೇಳಿ. 31 ಬಂದರೆ ಮುಂದುವರಿಯಿರಿ. 33 ಬಂದರೆ ಸಾರ್ಟೆಡ್ ಮಾಡಿ ಮುದ್ರಿಸಿ, ಪ್ರತಿ ಹೆಸರಿನ ಪಕ್ಕ ಅದರ ಲೆನ್ ಕೂಡ. ಒಂದೇ ಥರ ಕಾಣುವ ಎರಡು ಹೆಸರಿನ ಮುಂದೆ ಬೇರೆ ಬೇರೆ ಉದ್ದ ಇದ್ದರೆ ತಪ್ಪು ಇರುವುದು ಅಲ್ಲೇ.